ಕೊಂಕಣಿ ಪೂಜೆ, ಕನ್ನಡ ಅಕ್ಷರ: ಕಾಸರಗೋಡಿನ ಹಳ್ಳಿ ಇಗರ್ಜಿಗಳ ಮುಂದಿರುವ ಪ್ರಶ್ನೆ

ಕಾಸರಗೋಡಿನಲ್ಲಿ ಕನ್ನಡ ಉಳಿಯಬೇಕು ಎಂದು ಸಭೆ ಸೇರಿದಾಗಲೆಲ್ಲ ಹೆಚ್ಚುಕಡಿಮೆ ಒಂದೇ ಪಟ್ಟಿ ಹೊರಗೆ ಬರುತ್ತದೆ. ಕನ್ನಡ ಮಾಧ್ಯಮ ಶಾಲೆಗಳು, ಕನ್ನಡ ಗೊತ್ತಿಲ್ಲದ ಅಧ್ಯಾಪಕರ ನೇಮಕ, ಪಿ.ಎಸ್.ಸಿ. ಪರೀಕ್ಷೆ, ಪಂಚಾಯತಿನ ಅರ್ಜಿ ಫಾರಂ, ಬಸ್ಸಿನ ಬೋರ್ಡು, ಕೊನೆಗೆ ಯಕ್ಷಗಾನ. ಈ ಪಟ್ಟಿಯಲ್ಲಿ ಚರ್ಚು ಇರುವುದಿಲ್ಲ. ಇರಬೇಕೆಂದು ಚರ್ಚಿನವರೂ ಕೇಳಿದ್ದಿಲ್ಲ. ಅಲ್ಲಿಯ ಪೂಜೆ ಕೊಂಕಣಿಯಲ್ಲಿ ನಡೆಯುತ್ತದೆ, ಹಾಡು ಕೊಂಕಣಿ, ಜಪಸರ ಕೊಂಕಣಿ. ಹಾಗಾಗಿ ಅದು ಬೇರೆಯವರ ಮನೆಯ ವಿಷಯ ಎಂದು ಎಲ್ಲರೂ ಬಿಟ್ಟಿದ್ದಾರೆ. ಆದರೆ ಆ ಕೊಂಕಣಿ ಪುಸ್ತಕವನ್ನು ತೆರೆದರೆ ಒಳಗಿರುವುದು ಕನ್ನಡ ಲಿಪಿ. ಭಾನುವಾರ ಬೆಳಿಗ್ಗೆ ಕನ್ನಡ ಅಕ್ಷರವನ್ನು ಜೋರಾಗಿ, ತಪ್ಪಿಲ್ಲದೆ, ನೂರಾರು ಜನರ ಮುಂದೆ ಓದಲೇಬೇಕಾದ ಜಾಗಗಳು ಈ ಜಿಲ್ಲೆಯಲ್ಲಿ ಎಷ್ಟು ಉಳಿದಿವೆ ಎಂದು ಲೆಕ್ಕ ಹಾಕಿದರೆ ಹಳ್ಳಿಯ ಇಗರ್ಜಿಗಳನ್ನು ಬಿಟ್ಟು ಮುಂದೆ ಹೋಗಲಿಕ್ಕಾಗದು. ಈಗ ಅಲ್ಲಿ ಓದುವವರು ಕಡಿಮೆಯಾಗುತ್ತಿದ್ದಾರೆ. ಭಕ್ತಿ ಕಡಿಮೆಯಾಯಿತೆಂದಲ್ಲ, ಮಕ್ಕಳಿಗೆ ಆ ಅಕ್ಷರ ಬರುತ್ತಿಲ್ಲ.

ಯಾವ ಚರ್ಚುಗಳ ಮಾತು ಇದು ಎಂದು ಮೊದಲು ಹೇಳಬೇಕು. ಜಿಲ್ಲೆಯ ಕ್ರೈಸ್ತರೆಂದರೆ ಹೊರಗಿನವರ ಕಣ್ಣಿಗೆ ಬೀಳುವುದು ಪೂರ್ವದ ಮಲೆಸಾಲು: ತಿರುವಾಂಕೂರಿನ ಕಡೆಯಿಂದ ಬಂದು ಕಾಡು ಕಡಿದು ರಬ್ಬರ್ ಹಾಕಿದ ಸಿರಿಯನ್ ಕ್ರೈಸ್ತರ ಊರುಗಳು, 1943ರಲ್ಲಿ ನೆಲೆಯೂರಿದ ರಾಜಪುರದಂಥವು. ಅವರದು ಮಲಯಾಳ, ಅವರ ವಿಧಿಯೂ ಬೇರೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆಯ ಶೇ. 7ಕ್ಕಿಂತ ಸ್ವಲ್ಪ ಕಡಿಮೆ ಇದ್ದ ಕ್ರೈಸ್ತರಲ್ಲಿ ದೊಡ್ಡ ಪಾಲು ಅವರದೇ. ನಾನು ಹೇಳುತ್ತಿರುವುದು ಚಂದ್ರಗಿರಿ ಹೊಳೆಯ ಉತ್ತರಕ್ಕೆ, ಅಡಿಕೆ ತೋಟಗಳ ನಡುವೆ ಚದುರಿಕೊಂಡ ಕೊಂಕಣಿ ಮನೆಗಳ ಚರ್ಚುಗಳನ್ನು. ಬದಿಯಡ್ಕ ಪಂಚಾಯತಿನ ಬೇಳದ್ದು ಇವಕ್ಕೆಲ್ಲ ಹಿರಿಯದು. 1890ರ ಶೋಕಮಾತೆಯ ಇಗರ್ಜಿ, ಗೋಥಿಕ್ ಶೈಲಿಯ ಆ ಕಟ್ಟಡವನ್ನು ಕೇರಳದ ಪ್ರವಾಸೋದ್ಯಮ ಇಲಾಖೆಯವರೂ ತೋರಿಸುತ್ತಾರೆ. ಕಯ್ಯಾರಿನಲ್ಲಿ ಕ್ರಿಸ್ತರಾಜ, ಕುಂಬಳೆಯಲ್ಲಿ ಸಂತ ಮೋನಿಕಾ, ನಾರಂಪಾಡಿಯಲ್ಲಿ ಸಂತ ಜೋನ್ ದ ಬ್ರಿಟ್ಟೊ, ಮಣಿಯಂಪಾರೆಯಲ್ಲಿ ಸಂತ ಲಾರೆನ್ಸ್. ಇನ್ನು ಮಂಜೇಶ್ವರ, ವರ್ಕಾಡಿ. ಎಲ್ಲ ಸೇರಿ ಮಂಗಳೂರು ಧರ್ಮಪ್ರಾಂತ್ಯದ ಕಾಸರಗೋಡು ವಲಯ, ಕೊಂಕಣಿಯವರ ಬಾಯಲ್ಲಿ ವಾರಾಡೊ. ನೆರೆಕರೆಯ ತುಳುವರಿಗೆ ಈ ಮನೆಯ ಗಂಡಸರು ಪೊರ್ಬುಗಳು, ಹೆಂಗಸರು ಬಾಯಮ್ಮಂದಿರು.

ಮಂಗಳೂರು ಧರ್ಮಪ್ರಾಂತ್ಯ ಎಂದೆ. ಊರು ಕೇರಳದಲ್ಲಿ, ಬಿಷಪರು ಕರ್ನಾಟಕದಲ್ಲಿ. ಇದಕ್ಕೆ ಕಾರಣ ಗಡಿ ಚಳವಳಿಯಲ್ಲ, ಬ್ರಿಟಿಷರ ಕಾಲದ ಒಂದು ಗೆರೆ. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾದಾಗ ಮಲಬಾರಿನ ಭಾಗವೂ ಅದರಲ್ಲಿತ್ತು. 1923ರಲ್ಲಿ ಕಲ್ಲಿಕೋಟೆ ಬೇರೆಯಾಯಿತು, ಇತ್ತ ಕಡೆ ಮಂಗಳೂರಿಗೇ ಉಳಿಯಿತು. ಮೂವತ್ತಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ರಾಜ್ಯದ ಗೆರೆ ಎಳೆದವರು ಕಾಸರಗೋಡನ್ನು ಇಡೀ ಆಚೆಗೆ ಹಾಕಿದರು. ಧರ್ಮಪ್ರಾಂತ್ಯದ ಗೆರೆ ಮಾತ್ರ ಅಲುಗಲಿಲ್ಲ. ಹೊಳೆಯ ದಕ್ಷಿಣಕ್ಕೆ 1998ರಿಂದ ಕಣ್ಣೂರು ಧರ್ಮಪ್ರಾಂತ್ಯ ಉಂಟು. ಉತ್ತರದ್ದು ಇವತ್ತಿಗೂ ಬಹುಮಟ್ಟಿಗೆ ಮಂಗಳೂರಿನದೇ. ಚಂದ್ರಗಿರಿಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಗಡಿ ವಿವಾದಕ್ಕೆಂದು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಡತದಲ್ಲೇ ಕೂತಿತು. ಆಯೋಗ ಸೂಚಿಸಿದ್ದಕ್ಕೆ ಹತ್ತಿರದ ಗೆರೆ ಈಗ ಕಾಣಸಿಗುವುದು ಕಥೋಲಿಕರ ಭೂಪಟದಲ್ಲಿ. ಇದನ್ನು ನಮ್ಮ ಕನ್ನಡ ಭಾಷಣಕಾರರು ಯಾಕೆ ಒಮ್ಮೆಯೂ ಎತ್ತಿಕೊಂಡಿಲ್ಲವೋ.

ಎರಡು ಗೆರೆಗಳ ನಡುವೆ ಬದುಕುವುದು ದಿನನಿತ್ಯದಲ್ಲಿ ದೊಡ್ಡ ಸಂಗತಿಯೇನಲ್ಲ. ತಲಪಾಡಿ ದಾಟಿದರೆ ಮಂಗಳೂರು, ಆಸ್ಪತ್ರೆಗೂ ಅಲ್ಲಿಗೇ, ಮದುವೆಯ ಸೀರೆಗೂ ಅಲ್ಲಿಗೇ. ತೊಡಕು ಗೊತ್ತಾಗುವುದು ಗೆರೆ ಗಟ್ಟಿಯಾದಾಗ. 2020ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಕಾಸರಗೋಡಿನ ರೋಗಿಗಳು ಮಂಗಳೂರು ತಲುಪಲಾಗದೆ ಸತ್ತರು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ದಿನಗಳಲ್ಲಿ ಈ ವಲಯದ ಚರ್ಚುಗಳು ತಮ್ಮ ಬಿಷಪರಿಂದ ಒಂದು ಮಣ್ಣಿನ ದಿಬ್ಬದಷ್ಟು ದೂರವಾದವು. ಕಾಗದಪತ್ರಗಳ ಕಥೆಯೂ ಹೀಗೆಯೇ. ಕೇರಳ ಪಿ.ಎಸ್.ಸಿ.ಯಲ್ಲಿ ಲ್ಯಾಟಿನ್ ಕಥೋಲಿಕ್ ಮತ್ತು ಆಂಗ್ಲೋ ಇಂಡಿಯನ್ ವರ್ಗಕ್ಕೆ ಶೇ. 4 ಮೀಸಲಾತಿ ಇದೆ. ಕರ್ನಾಟಕದಲ್ಲಿ ಕ್ರೈಸ್ತರು ಹಿಂದುಳಿದ ವರ್ಗಗಳ ಪ್ರವರ್ಗ 3ಬಿ. ಒಂದೇ ಬಿಷಪರ ಕೈಕೆಳಗಿನ ಇಬ್ಬರು ಸೋದರತ್ತೆ ಮಕ್ಕಳಲ್ಲಿ ಉಳ್ಳಾಲದವಳಿಗೆ ಒಂದು ನಿಯಮ, ಕುಂಬಳೆಯವಳಿಗೆ ಇನ್ನೊಂದು.

ಈ ಚರ್ಚುಗಳ ಜೀವ ಎಲ್ಲಿದೆ ಎಂದು ಕೇಳಿದರೆ ಅಲ್ತಾರಿನ, ಅಂದರೆ ಪೂಜಾಪೀಠದ ಕಡೆ ಮಾತ್ರ ಬೆರಳು ತೋರಿಸಿದರೆ ಸಾಲದು, ವಾಳೆಗಳನ್ನೂ ತೋರಿಸಬೇಕು. ಪ್ರತಿ ಧರ್ಮಕೇಂದ್ರ ವಾಳೆಗಳಾಗಿ, ಅಂದರೆ ನೆರೆಹೊರೆಯ ಮನೆಗಳ ಗುಂಪುಗಳಾಗಿ ಹಂಚಿಹೋಗಿದೆ. ಒಂದೊಂದು ವಾಳೆಗೆ ಒಬ್ಬ ಗುರಿಕಾರ. ಈಗೀಗ ಹೆಂಗಸರೂ ಆಗುತ್ತಾರೆ, ಅವರು ಗುರ್ಕಾರ್ನ್. ಮೊಗವೀರರಲ್ಲಿ, ಬಿಲ್ಲವರಲ್ಲಿ ಇರುವ ಗುರಿಕಾರಿಕೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಲಿಕ್ಕೆ ಧೈರ್ಯ ಬೇಕು. ತುಳುನಾಡಿನ ಮಣ್ಣಿನಲ್ಲೇ ಇದ್ದ ವ್ಯವಸ್ಥೆಯನ್ನು ಇಗರ್ಜಿ ತನ್ನದಾಗಿಸಿಕೊಂಡಿದೆ. ಗುರಿಕಾರನ ಕೆಲಸವನ್ನು ಯಾವ ನಿಯಮಾವಳಿಯಲ್ಲೂ ಪೂರ್ತಿ ಬರೆಯಲಾಗದು. ವಂತಿಗೆ ಎತ್ತುವುದು, ವಾಳೆಯ ಪ್ರಾರ್ಥನಾ ಕೂಟಕ್ಕೆ ಮನೆ ಗೊತ್ತುಮಾಡುವುದು, ಮದುವೆ ನಿಶ್ಚಯವಾದರೆ ಪಾದ್ರಿಗಳಿಗೆ ತಿಳಿಸುವುದು, ಅಣ್ಣತಮ್ಮಂದಿರ ಬೇಲಿ ತಕರಾರಿನಲ್ಲಿ ಇಬ್ಬರ ಬೈಗುಳವನ್ನೂ ಕೇಳುವುದು.

ಸಾವಿನ ದಿನ ಈ ಏರ್ಪಾಡು ಹೇಗೆ ದುಡಿಯುತ್ತದೆಂದು ನೋಡಬೇಕು. ಸುದ್ದಿ ಮೊದಲು ಗುರಿಕಾರನಿಗೆ. ಅವನು ಪಾದ್ರಿಗಳಿಗೆ ಹೇಳಿ ಗಂಟೆ ಹೊಡೆಸುತ್ತಾನೆ. ಆ ಗಂಟೆಯ ಲಯ ಬೇರೆ. ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದವರಿಗೆ, ಕ್ರೈಸ್ತರಲ್ಲದವರಿಗೂ, ತಿಳಿಯುತ್ತದೆ. ಹೊಂಡ ತೋಡಲು ನಾಲ್ಕು ಜನ, ಪೆಟ್ಟಿಗೆ ತರಲು ಇಬ್ಬರು, ಮುಂಬಯಿಯ ಮಗನಿಗೆ, ಕುವೈಟಿನ ಅಳಿಯನಿಗೆ ಫೋನು ಹಚ್ಚಲು ಒಬ್ಬ. ಮನೆಯ ಒಲೆಗೆ ಆ ದಿನ ಬೆಂಕಿ ಹಾಕುವ ಹಾಗಿಲ್ಲವಾದ್ದರಿಂದ ಗಂಜಿ ಪಕ್ಕದ ಮನೆಯಿಂದ. ಪಕ್ಕದ್ದು ಶೆಟ್ಟರ ಮನೆಯಾದರೆ ಅಲ್ಲಿಂದಲೇ. ಸಂಜೆ ಅಂಗಳದಲ್ಲಿ ಜಪಸರ. ಏಳನೆಯ ದಿನದ ಪೂಜೆ, ತಿಂಗಳ ಪೂಜೆ. ಸತ್ತವರ ಮನೆಯವರಿಗೆ ಏನೂ ನಿರ್ಧರಿಸಬೇಕಾಗಿ ಬರುವುದಿಲ್ಲ, ಎಲ್ಲವೂ ಆಗಿಹೋಗುತ್ತದೆ. ಇದೆಲ್ಲ ನಡೆಯಲು ಊರಿನಲ್ಲಿ ನಲವತ್ತೈವತ್ತು ವರ್ಷದ, ಗಟ್ಟಿಮುಟ್ಟಾದ ಹತ್ತು ಜನ ಬೇಕು. ಗಲ್ಫ್, ಬೆಂಗಳೂರು, ಇತ್ತೀಚೆಗೆ ವೃದ್ಧರ ಆರೈಕೆಗೆಂದು ಇಸ್ರೇಲ್ — ವಯಸ್ಸಿನ ಆ ಪದರವೇ ಹಳ್ಳಿಯಿಂದ ಎದ್ದುಹೋಗಿದೆ. ಅಂತ್ಯಸಂಸ್ಕಾರ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುವುದು ಹೊರಗಿನವರಿಗೆ ಆಡಂಬರವಾಗಿ ಕಂಡೀತು. ನೋಡುವವರು ಯಾರೆಂದು ಗೊತ್ತಿದ್ದರೆ ಹಾಗೆ ಅನಿಸದು.

ವರ್ಷದಲ್ಲಿ ಚರ್ಚು ತುಂಬುವ ಇನ್ನೊಂದು ಕಾಲ ಮೊಂತಿ ಹಬ್ಬ, ಮರಿಯಮ್ಮ ಹುಟ್ಟಿದ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ, ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನ ಮುಂದೆ ಹಾಕುವುದು. ಸೆಪ್ಟೆಂಬರ್ 8ಕ್ಕೆ ಹಬ್ಬ. ಓಣಂ ರಜೆ ಆ ದಿನಗಳಿಗೇ ಬಿದ್ದ ವರ್ಷ ಮಕ್ಕಳ ಸಾಲು ಬಾಗಿಲಿನ ಹೊರಗೂ ಬೆಳೆಯುತ್ತದೆ. ಕೇರಳದ ಪಂಚಾಂಗ ಕೊಂಕಣಿ ಹಬ್ಬಕ್ಕೆ ಮಾಡುವ ಉಪಕಾರ ಇದೊಂದೇ. ಆಶೀರ್ವದಿಸಿದ ತೆನೆಯನ್ನು ಮನೆಗೊಂದರಂತೆ ಕೊಡುತ್ತಾರೆ, ಮಕ್ಕಳಿಗೆ ಕಬ್ಬು. ಮನೆಯಲ್ಲಿ ಹೊಸ ಭತ್ತ ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚಬೇಕು. ಮೀನು ಮಾಂಸವಿಲ್ಲದ ಊಟ, ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು, ಐದೋ ಏಳೋ ಒಂಬತ್ತೋ. ನೆರೆಯ ತುಳುವರ ಪುದ್ವಾರ್ ಎಂಬ ಹೊಸ ಅಕ್ಕಿಯ ಊಟಕ್ಕೂ ಇದಕ್ಕೂ ಇರುವ ನೆಂಟಸ್ತಿಕೆಯನ್ನು ವಿವರಿಸುವುದೇ ಬೇಡ. ತೊಂದರೆ ಇರುವುದು ತೆನೆಯಲ್ಲಿ. ಈ ಸೀಮೆಯ ಗದ್ದೆಗಳು ಬಹುಪಾಲು ಅಡಿಕೆ ತೋಟವಾದವು, ಕೆಲವು ಹಡಿಲು ಬಿದ್ದವು. ಹಬ್ಬದ ಹೊತ್ತಿಗೆ ತೆನೆ ಹಾಲು ತುಂಬಿರಬೇಕಾದರೆ ಯಾರಾದರೂ ಗದ್ದೆಯುಳ್ಳವರು ಇದಕ್ಕೆಂದೇ ಕಾಲ ನೋಡಿ ಬಿತ್ತಿರಬೇಕು. ಎಷ್ಟೋ ಸಲ ಅಂಥ ಗದ್ದೆ ಉಳಿದಿರುವುದು ಕ್ರೈಸ್ತರಲ್ಲದ ಮನೆಯಲ್ಲಿ. ದೇವಸ್ಥಾನದ ಬ್ರಹ್ಮಕಲಶಕ್ಕೆ ಚರ್ಚಿನವರು ಹೊರೆಕಾಣಿಕೆ ಒಯ್ದರು ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಫೋಟೋ ಸಮೇತ ಬರುತ್ತದೆ. ತೆನೆಯ ಈ ಮರುಕಾಣಿಕೆಯ ಫೋಟೋ ಯಾರೂ ತೆಗೆಯುವುದಿಲ್ಲ.

ಈಗ ಅಕ್ಷರದ ವಿಷಯಕ್ಕೆ ಬರುತ್ತೇನೆ, ಇದೇ ಈ ಲೇಖನದ ಹೊಟ್ಟೆ.

ಕರಾವಳಿಯಲ್ಲಿ ಕೊಂಕಣಿ, ತುಳು ಎರಡನ್ನೂ ಕನ್ನಡ ಅಕ್ಷರದಲ್ಲಿ ಅಚ್ಚುಹಾಕುವ ರೂಢಿಗೆ ದೊಡ್ಡ ಕಾರಣ ಮಿಷನರಿ ಮುದ್ರಣಾಲಯಗಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1847ರಲ್ಲಿ ತುಳುವಿನ ಹೊಸ ಒಡಂಬಡಿಕೆಯನ್ನು ಕನ್ನಡ ಲಿಪಿಯಲ್ಲಿ ತಂದರು. ಇಂದಿಗೂ ಪ್ರೊಟೆಸ್ಟೆಂಟರ ಸಿ.ಎಸ್.ಐ. ಸಭೆಗಳಲ್ಲಿ ಕನ್ನಡ, ತುಳು ಕೀರ್ತನೆಗಳಿಗೆ ಒಂದೇ ಅಕ್ಷರ. ಕಥೋಲಿಕರ ಕಡೆಯಲ್ಲೂ ಹಾಗೆಯೇ ಆಯಿತು. ಗೋವೆಯವರು ರೋಮನ್ನಿನಲ್ಲೂ ದೇವನಾಗರಿಯಲ್ಲೂ ಬರೆದ ಭಾಷೆಯನ್ನು ಮಂಗಳೂರಿನವರು ಕನ್ನಡದಲ್ಲಿ ಬರೆದರು. 1938ರಲ್ಲಿ ಹುಟ್ಟಿದ ‘ರಾಕ್ಣೊ’ ವಾರಪತ್ರಿಕೆ ಆ ಲಿಪಿಯಲ್ಲೇ ಮನೆಮನೆಗೆ ಬಂತು.

ಆದರೆ ಅಂದಿನ ಹಳ್ಳಿಯ ಅಜ್ಜಿಗೆ ಪೂಜೆ ಕೇಳಲು ಅಕ್ಷರ ಬೇಕಿರಲಿಲ್ಲ. ಪೂಜೆ ಲ್ಯಾಟಿನ್ನಿನಲ್ಲಿ, ಪಾದ್ರಿಗಳ ಬಾಯಲ್ಲಿ. ಜನರ ಪಾಲಿಗೆ ಇದ್ದದ್ದು ಜಪಸರ, ಪ್ರಲಾಪ, ಕಂತಾರಿ — ಎಲ್ಲವೂ ಬಾಯಿಪಾಠ. ಹೆಬ್ಬೆಟ್ಟಿನ ಬಾಯಮ್ಮನೂ ಒಂದು ಪದ ಬಿಡದೆ ಹೇಳುತ್ತಿದ್ದಳು. 1962ರಿಂದ 65ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜೆ ಜನರ ಭಾಷೆಗೆ ಬಂತು. ಅದರ ಗುಣವನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಮಾತೊಂದುಂಟು: ಆ ಹೊತ್ತಿನಿಂದ ಆರಾಧನೆ ಓದುವ ಕೆಲಸವೂ ಆಯಿತು. ಭಾನುವಾರ ಮೂರು ವಾಚನ, ನಡುವೆ ಕೀರ್ತನೆ. ಮೂರು ವರ್ಷಕ್ಕೊಮ್ಮೆ ಸುತ್ತುವ ಕ್ರಮವಾದ್ದರಿಂದ ಬಾಯಿಪಾಠಕ್ಕೆ ಸಿಕ್ಕುವುದಿಲ್ಲ. ಸುವಾರ್ತೆ ಪಾದ್ರಿಗಳದ್ದು, ಉಳಿದದ್ದು ಊರವರದ್ದು. ವಿಶ್ವಾಸಿಗಳ ಬಿನ್ನಹಗಳನ್ನು ವಾಳೆಯವರೇ ಬರೆದು ಓದಬೇಕು. ಹಾಡಿನ ಪುಸ್ತಕ ಬೆಂಚಿಗೆ ಬಂತು. ಈ ಬದಲಾವಣೆ ಸಲೀಸಾಗಿ ನಡೆದುಹೋದದ್ದಕ್ಕೆ ಕಾರಣ ಅದೇ ಹೊತ್ತಿಗೆ ಹಳ್ಳಿಯ ಮಕ್ಕಳೆಲ್ಲ ಕನ್ನಡ ಶಾಲೆಯಲ್ಲಿದ್ದರು. ಅ ಆ ಇ ಈ ಕಲಿತದ್ದು ಚರ್ಚಿನ ಪಕ್ಕದ ಶಾಲೆಯಲ್ಲಿ, ಬಳಸಿದ್ದು ಚರ್ಚಿನಲ್ಲಿ. ಕೊಂಕಣಿ ಓದನ್ನು ಯಾರೂ ಬೇರೆಯಾಗಿ ಕಲಿಸಲಿಲ್ಲ, ಕಲಿಸಬೇಕಾಗಿಯೂ ಬರಲಿಲ್ಲ. ಇಗರ್ಜಿಯ ಒಂದು ಕಾಲು ಕನ್ನಡ ಶಾಲೆಯ ಮೇಲೆ ನಿಂತಿತ್ತೆಂದು ಶಾಲೆ ಗಟ್ಟಿಯಿದ್ದಷ್ಟು ದಿನ ಯಾರ ಗಮನಕ್ಕೂ ಬರಲಿಲ್ಲ.

ಶಾಲೆ ಸೊರಗಿದ್ದು ಹೇಗೆಂದು ಕಾಸರಗೋಡಿನ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಚುಟುಕಾಗಿ: ಇಲ್ಲಿ ಹಲವು ಹಳ್ಳಿ ಚರ್ಚುಗಳ ಪಕ್ಕದಲ್ಲಿ ಅನುದಾನಿತ ಪ್ರಾಥಮಿಕ ಶಾಲೆ ಉಂಟು, ಸಂಬಳ ಕೇರಳ ಸರಕಾರದ್ದು, ಆಡಳಿತ ಚರ್ಚಿನದ್ದು. ತರಗತಿಗೆ ಸರಾಸರಿ 15 ಮಕ್ಕಳಿಲ್ಲದಿದ್ದರೆ ಸರಕಾರದ ಭಾಷೆಯಲ್ಲಿ ಅದು ‘ಅನ್‌ಎಕನಾಮಿಕ್’ ಶಾಲೆ. ಮಕ್ಕಳನ್ನು ಉಳಿಸಿಕೊಳ್ಳಲು ಪಕ್ಕದಲ್ಲೇ ಇಂಗ್ಲಿಷ್ ಡಿವಿಷನ್ ತೆರೆಯುತ್ತಾರೆ; ಆ ಡಿವಿಷನ್ ಕನ್ನಡದ್ದನ್ನು ತಿನ್ನುತ್ತದೆ. 2017ರ ಮಲಯಾಳ ಕಡ್ಡಾಯ ಕಾನೂನು ಬಂದಾಗ ಇಲ್ಲಿ ಪ್ರತಿಭಟನೆಯಾಯಿತು, ಆಗಬೇಕಾದದ್ದೇ. ಆದರೆ ನನ್ನ ಅಂದಾಜಿನಲ್ಲಿ ಚರ್ಚಿನ ಬೆಂಚಿನಿಂದ ಕನ್ನಡ ಅಕ್ಷರವನ್ನು ಎಬ್ಬಿಸಿದ್ದು ಮಲಯಾಳಕ್ಕಿಂತ ಹೆಚ್ಚಾಗಿ ಇಂಗ್ಲಿಷ್, ಅದೂ ಎಷ್ಟೋ ಕಡೆ ಕಾನ್ವೆಂಟಿನ ಇಂಗ್ಲಿಷ್. ಕುವೈಟಿಗೋ ಕೆನಡಕ್ಕೋ ಹೋಗಲಿರುವ ಮಗುವಿಗೆ ಕನ್ನಡ ಯಾಕೆ ಎಂಬ ಪ್ರಶ್ನೆ ಹೆತ್ತವರ ಬಾಯಿಂದ ಬಂದದ್ದು. ಸರಕಾರವನ್ನು ದೂರಿದರೆ ಈ ಭಾಗ ಮುಚ್ಚಿಹೋಗುತ್ತದೆ. ಹೀಗೆ ಮನೆಯಲ್ಲಿ ಕೊಂಕಣಿ ಮಾತಾಡುವ, ಅಂಗಡಿಯಲ್ಲಿ ತುಳು ಮಲಯಾಳ ಎರಡೂ ಹೊಡೆಯುವ ಹುಡುಗನಿಗೆ, ಅವನದೇ ಮಾತೃಭಾಷೆಯ ಪ್ರಾರ್ಥನಾ ಪುಸ್ತಕ ಕೊಟ್ಟರೆ ಓದಲಾಗದು. ಕೇಳಿದರೆ ಎಲ್ಲ ಅರ್ಥವಾಗುತ್ತದೆ. ವಾಚನಕ್ಕೆ ನಿಲ್ಲಲು ಕರೆದರೆ “ಬೇಡ ಬಾಯಮ್ಮ, ನೀವೇ ಓದಿ” ಎಂದು ಹಿಂದೆ ಸರಿಯುತ್ತಾನೆ. ಅರವತ್ತು ದಾಟಿದ ನಿವೃತ್ತ ಟೀಚರು ಮತ್ತೆ ಎದ್ದು ಹೋಗುತ್ತಾರೆ.

ಇದಕ್ಕೆ ಪರಿಹಾರವೆಂದು ಕೇಳಿಬರುವ ಮಾತುಗಳನ್ನು ಒಂದಿಷ್ಟು ತೂಗಿ ನೋಡಬಹುದು. ಎಲ್ಲಕ್ಕಿಂತ ಸುಲಭದ್ದು ಇಂಗ್ಲಿಷ್ ಅಕ್ಷರದಲ್ಲಿ ಕೊಂಕಣಿ. ಹಾಡುಗಳ ಮಟ್ಟಿಗೆ ಇದು ಈಗಾಗಲೇ ನಡೆಯುತ್ತಿದೆ, ಪಿಡಿಎಫ್ ವಾಟ್ಸಾಪಿನಲ್ಲಿ ಬರುತ್ತದೆ, ಗಾಯನ ಮಂಡಳಿಯ ಮಕ್ಕಳು ಮೊಬೈಲು ನೋಡಿ ಹಾಡುತ್ತಾರೆ. ಬಾಯಿಗೆ ಬಂದ ಹಾಡಿಗೆ ಜ್ಞಾಪಕ ಕೊಡಲು ಅಷ್ಟು ಸಾಕು. ವಾಚನಕ್ಕೆ ಸಾಲದು. ತ–ಟ, ದ–ಡ, ನ–ಣ, ಲ–ಳ ಒಂದೂ ಬೇರೆಯಾಗಿ ಕಾಣದ ಬರಹದಲ್ಲಿ ಮೊದಲ ಸಲ ಕಂಡ ಪುಟವನ್ನು ಯಾರೂ ಸರಿಯಾಗಿ ಓದಲಾರರು. ಗೋವೆಯವರ ರೋಮನ್ ಬರಹದಲ್ಲಿ ಇದಕ್ಕೆಲ್ಲ ಕ್ರಮವುಂಟು ನಿಜ, ಆದರೆ ಅಲ್ಲಿ ಶಕಾರಕ್ಕೆ ‘ಎಕ್ಸ್’ ಬರೆಯುತ್ತಾರೆ. ಅದನ್ನೂ ಹೊಸದಾಗಿ ಕಲಿಯಬೇಕೆಂದಾದರೆ ಕನ್ನಡವನ್ನೇ ಕಲಿಯಬಾರದೇಕೆ? ಮಲಯಾಳ ಲಿಪಿಯ ಮಾತನ್ನು ಯಾರೂ ಜೋರಾಗಿ ಆಡುವುದಿಲ್ಲ. ಉಚ್ಚಾರದ ದೃಷ್ಟಿಯಿಂದ ಅದು ಕನ್ನಡದಷ್ಟೇ ಒಗ್ಗುತ್ತದೆ, ಕೊಚ್ಚಿಯ ಕೊಂಕಣಿಗರು ಬಳಸಿಯೂ ಇದ್ದಾರೆ. ಆದರೆ ಮಂಗಳೂರಿನಲ್ಲಿ ಅಚ್ಚಾಗುವ ಒಂದು ಪುಸ್ತಕವೂ ಆ ಲಿಪಿಯಲ್ಲಿ ಬರಲಾರದು. ಕೆಲವೇ ಧರ್ಮಕೇಂದ್ರಗಳಿಗಾಗಿ ಇಡೀ ವಾಚನಗ್ರಂಥವನ್ನು ಯಾರು ಬರೆಸಿಯಾರು?

ಪೂಜೆಯನ್ನೇ ಮಲಯಾಳಕ್ಕೆ ಒಯ್ಯುವುದು ಇನ್ನೊಂದು ದಾರಿ. ಮಿಶ್ರ ಮದುವೆಗಳಾಗುತ್ತಿವೆ, ಸೊಸೆ ತಲಶ್ಶೇರಿಯವಳಾದರೆ ಅವಳಿಗೆ ಕೊಂಕಣಿ ಪ್ರಸಂಗ ತಲೆಗೆ ಹೋಗುವುದಿಲ್ಲ. ಅಂಥವರಿಗೆ ತಿಂಗಳಿಗೊಂದು ಮಲಯಾಳ ಪೂಜೆ ಬೇಕೆಂದರೆ ತಪ್ಪೇನಿಲ್ಲ. ಪೂರ್ತಿ ಬದಲಾಯಿಸುವ ಮಾತು ಬೇರೆ. ಈ ವಲಯದ ಪಾದ್ರಿಗಳು ಧರ್ಮಪ್ರಾಂತ್ಯದ ಇತರ ಪಾದ್ರಿಗಳಂತೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುವವರು, ಇವತ್ತು ಬೆಳ್ತಂಗಡಿ ಕಡೆ ಇದ್ದವರು ನಾಳೆ ಕುಂಬಳೆಗೆ ಬರುವವರು. ಹೆಚ್ಚಿನವರು ಕಲಿತದ್ದು ಕೊಂಕಣಿ, ಕನ್ನಡ, ಇಂಗ್ಲಿಷ್. ಮಲಯಾಳದಲ್ಲಿ ಪೂಜೆ ಮಾಡಬಲ್ಲವರೇ ಬೇಕೆಂದು ನಾಲ್ಕು ಹಳ್ಳಿ ಚರ್ಚುಗಳು ಹೇಳಿದ ದಿನ ವರ್ಗಾವಣೆಯ ಚಕ್ರ ಅಲ್ಲಿಗೆ ಸಿಕ್ಕಿಬೀಳುತ್ತದೆ. ಪಾದ್ರಿಗಳ ಕೊರತೆಯಿದ್ದಲ್ಲಿ ನೆರೆಯ ಹಲವು ಧರ್ಮಕೇಂದ್ರಗಳನ್ನು ಒಬ್ಬರಿಗೇ ವಹಿಸಲು 1983ರ ಧರ್ಮಸಭಾ ಸಂಹಿತೆಯ 526ನೆಯ ವಿಧಿ ಅವಕಾಶ ಕೊಡುತ್ತದೆ. ಭಾಷೆ ಒಂದೇ ಇದ್ದಷ್ಟು ದಿನ ಹಾಗೆ ಜೋಡಿಸುವುದು ಕಷ್ಟವಲ್ಲ. ಒಂದರಲ್ಲಿ ಕೊಂಕಣಿ, ಇನ್ನೊಂದರಲ್ಲಿ ಮಲಯಾಳ ಎಂದಾದರೆ ಆ ದಾರಿಯೂ ಕಿರಿದಾಗುತ್ತದೆ. ಅಲ್ಲದೆ, ರಾಜ್ಯದ ಗೆರೆ ಬೇರೆ ಎಳೆದಮೇಲೂ ಈ ಚರ್ಚುಗಳು ಮಂಗಳೂರಿನ ಜತೆ ಉಳಿದದ್ದಕ್ಕೆ ಭಾಷೆ ಬಿಟ್ಟರೆ ಬೇರೆ ದೊಡ್ಡ ಕಾರಣ ನನಗೆ ಕಾಣುವುದಿಲ್ಲ. ಅದು ಸಡಿಲವಾದರೆ ಕಣ್ಣೂರು ಹತ್ತಿರವೋ ಮಂಗಳೂರು ಹತ್ತಿರವೋ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ.

ಪೂಜೆಯ ಭಾಷೆ ಬೀದಿಗೆ ಬಂದರೆ ಏನಾಗುತ್ತದೆಂದು ಬೆಂಗಳೂರಿನ ಕಥೋಲಿಕರು ಕನ್ನಡ–ತಮಿಳು ಜಗಳದಲ್ಲಿ ದಶಕಗಟ್ಟಲೆ ಅನುಭವಿಸಿದ್ದಾರೆ. ಕಾಸರಗೋಡಿನ ಇಗರ್ಜಿಗಳಲ್ಲಿ ಅಂಥದ್ದು ಇಲ್ಲ, ಇದು ಪುಣ್ಯ. ಇಲ್ಲಿ ಕೊಂಕಣಿ ಒಳಗೆ, ಕನ್ನಡ ಗೇಟಿನಲ್ಲಿ: ನಾಮಫಲಕ, ಹಬ್ಬದ ಆಮಂತ್ರಣ, ಮದುವೆ ಕಾಗದ, ಸಾಂತ್‌ಮಾರಿ ಎನ್ನುವ ವಾರ್ಷಿಕ ಹಬ್ಬದ ಬ್ಯಾನರು, ಪತ್ರಿಕೆಗೆ ಕಳಿಸುವ ವರದಿ. ಊರಿನ ಮುಂದೆ ನಿಲ್ಲುವಾಗ ಚರ್ಚು ಕನ್ನಡದಲ್ಲೇ ಮಾತಾಡಿದೆ. ಜನಗಣತಿಯ ಕೋಷ್ಟಕದಲ್ಲಿ ಇದು ಕಾಣುವುದಿಲ್ಲ. 2011ರಲ್ಲಿ ಜಿಲ್ಲೆಯಲ್ಲಿ ತುಳು ಮಾತೃಭಾಷೆ ಎಂದವರು ಶೇ. 9ರ ಹತ್ತಿರ, ಕನ್ನಡ ಎಂದವರು ಶೇ. 4ರ ಆಸುಪಾಸು, ಕೊಂಕಣಿಯವರ ಲೆಕ್ಕ ಬೇರೆ ಸಾಲಿನಲ್ಲಿ. ಮನೆಯ ಮಾತು ಯಾವುದೆಂದು ಕೇಳುವ ಗಣತಿಗೆ ಕೈಯ ಅಕ್ಷರ ಯಾವುದೆಂದು ಕೇಳುವ ಅಭ್ಯಾಸವಿಲ್ಲ. ಕೇಳಿದ್ದರೆ ಕನ್ನಡದ ಸಂಖ್ಯೆ ಶೇ. 4ಕ್ಕಿಂತ ಬಹಳ ಮೇಲಿರುತ್ತಿತ್ತು. ಕನ್ನಡ ಸಂಘಟನೆಗಳು ತಮ್ಮ ಬಲವನ್ನು ತಾವೇ ಕಡಿಮೆ ಎಣಿಸಿಕೊಂಡಿವೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ತುಳುವರನ್ನು ಹೇಗೋ ಒಳಗೆ ಕರೆದುಕೊಂಡರು, ಪೊರ್ಬುಗಳನ್ನು ಮರೆತರು.

ಮಾಡಬಹುದಾದ ಕೆಲಸ ಅಷ್ಟೇನೂ ದೊಡ್ಡದಲ್ಲ. ಪ್ರತಿ ಚರ್ಚಿನಲ್ಲೂ ಭಾನುವಾರ ಪೂಜೆಯ ಹಿಂದುಮುಂದು ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಬೋಧನೆಯ ತರಗತಿ ನಡೆಯುತ್ತದೆ. ಹಾಜರಿ ಪುಸ್ತಕವುಂಟು, ಕಲಿಸುವವರುಂಟು, ಪರೀಕ್ಷೆಯುಂಟು. ಮೊದಲ ಪರಮಪ್ರಸಾದ, ದೃಢೀಕರಣ ಎಂಬ ಎರಡು ಮೆಟ್ಟಿಲುಗಳಿರುವುದರಿಂದ ಹೆತ್ತವರು ಮಕ್ಕಳನ್ನು ತಪ್ಪಿಸುವುದಿಲ್ಲ. ಸರಕಾರದ ಕೈ ತಾಗದ, ಅನ್‌ಎಕನಾಮಿಕ್ ಎಂದು ಯಾರೂ ಮುಚ್ಚಲಾಗದ ತರಗತಿ ಇದು. ಮೊದಲ ಪರಮಪ್ರಸಾದಕ್ಕೆ ತಯಾರಾಗುವ ವರ್ಷ ಅದರಲ್ಲಿ ಇಪ್ಪತ್ತು ನಿಮಿಷ ಕನ್ನಡ ಅಕ್ಷರಕ್ಕೆ ಕೊಟ್ಟರೆ, ಮನೆಯಲ್ಲಿ ಕೊಂಕಣಿ ಆಡುವ ಮಗು ಮುಂದಿನ ಮೊಂತಿ ಹಬ್ಬಕ್ಕೆ ಹಾಡಿನ ಪುಸ್ತಕ ಹಿಡಿದೀತು. ಭಾಷೆ ಕಲಿಸಬೇಕಾಗಿಲ್ಲ, ಕಾಗುಣಿತ ಕಲಿಸಬೇಕು. ಎರಡರ ಶ್ರಮ ಒಂದೇ ಅಲ್ಲ. ಕಲಿಸಲು ಜನ? ಈ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ನಿವೃತ್ತ ಅಧ್ಯಾಪಕ ಅಧ್ಯಾಪಿಕೆಯರಿಗೆ ಬರವಿಲ್ಲ. ಕ್ರೈಸ್ತರಲ್ಲದ ಮೇಷ್ಟ್ರು ಬಂದು ಕಲಿಸಿದರೂ ಅಡ್ಡಿಯಾಗಬಾರದು, ಅಕ್ಷರಕ್ಕೇನು ಜ್ಞಾನಸ್ನಾನ ಬೇಕೇ. ಕನ್ನಡ ಸಂಘಟನೆಗಳು ರಾಜ್ಯೋತ್ಸವದ ದಿನ ಶಾಲು ಹೊದೆಸುವುದರ ಜತೆಗೆ ಐವತ್ತು ಕಾಪಿ ಪುಸ್ತಕ ಕೊಟ್ಟರೆ ಅದೂ ಒಂದು ಸೇರ್ಪಡೆ.

ಅಡ್ಡಿಗಳಿಲ್ಲವೆಂದಲ್ಲ. ದೊತೊರ್ನ್ ಕಲಿಸುವವರಿಗೆ ಈಗಿರುವ ಪಾಠ ಮುಗಿಸಲೇ ಹೊತ್ತು ಸಾಲದು. ಇಂಗ್ಲಿಷಿನಲ್ಲೇ ಧರ್ಮಬೋಧನೆ ಮಾಡಿ ಎನ್ನುವ ಹೆತ್ತವರೂ ಇದ್ದಾರೆ, ಅವರ ಸಂಖ್ಯೆ ಬೆಳೆಯುತ್ತಿದೆ. ಧರ್ಮಪ್ರಾಂತ್ಯದ ಮಟ್ಟದಲ್ಲಿ ಇದು ಮಂಗಳೂರಿಗೆ ಅಷ್ಟು ಬಿಸಿ ಮುಟ್ಟಿಸುವ ವಿಷಯವಲ್ಲ; ಗಡಿಯ ಆಚೆ ಕನ್ನಡ ಹೇಗೂ ಒಂದು ಪಾಠವಾಗಿ ಶಾಲೆಯಲ್ಲಿರುತ್ತದೆ, ಅಲ್ಲಿಯ ಮಗು ತಡವರಿಸಿಯಾದರೂ ಓದುತ್ತದೆ. ಹಾಗಾಗಿ ಮೇಲಿನಿಂದ ಸುತ್ತೋಲೆ ಬರಲಿ ಎಂದು ಕಾದರೆ ಕಾದದ್ದೇ. ವಲಯದ ಚರ್ಚುಗಳು ತಾವಾಗಿ ಶುರುಮಾಡಬೇಕು. ಕೇರಳದ ಶಾಲೆಗಳು ತೆರೆಯುವುದು ಜೂನ್ ಆರಂಭಕ್ಕೆ, ದೊತೊರ್ನಿನ ವರ್ಷವೂ ಅದರ ಬೆನ್ನಿಗೇ. ಪಾದ್ರಿಗಳ ವರ್ಗವೂ ಸಾಮಾನ್ಯವಾಗಿ ಆ ಹೊತ್ತಿಗೇ. ಹೊಸ ಪಾದ್ರಿಗಳು ಬಂದು ಊರು ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ವೇಳಾಪಟ್ಟಿ ಅಂಟಿಸಿ ಆಗಿರುತ್ತದೆ. ಪಾಲನಾ ಮಂಡಳಿಯ ಮೇ ತಿಂಗಳ ಸಭೆಯಲ್ಲಿ ಈ ಇಪ್ಪತ್ತು ನಿಮಿಷದ ಮಾತು ಬರಬೇಕಾದರೆ ಏಪ್ರಿಲಿನಲ್ಲೇ ಯಾವುದಾದರೂ ಒಂದು ವಾಳೆಯ ಗುರಿಕಾರ ಅದನ್ನು ಕಾರ್ಯದರ್ಶಿಗೆ ಬರೆದುಕೊಟ್ಟಿರಬೇಕು.